ಸಮುದ್ರಕ್ಕೆ ನೀರು ಬೆರೆಸಿದ ನಾರಾಯಣಮ್ಮ

ಉತ್ತರಹಳ್ಳಿಯ ನಾರಾಯಣಮ್ಮನವರನ್ನು ಜಯನಗರದ ಹಳೆಯ ಮನೆಗಳಲ್ಲಿ ಈಗಲೂ ಯಾರಾದರೂ ನೆನೆಸಿಕೊಂಡರೆ ಹೆಸರು ಹಿಡಿದು ನೆನೆಸಿಕೊಳ್ಳುವುದಿಲ್ಲ. "ಆ ಗಾಜಿನ ಕಡ್ಡಿ ಹಾಲಿನಮ್ಮ" ಅನ್ನುತ್ತಾರೆ. ಉತ್ತರಹಳ್ಳಿಯ ಕಡೆಯಿಂದ ಹಾಲು ಹೊತ್ತು ಪೇಟೆಗೆ ಹೋಗುವವರು ಆಗ ಬೇಕಾದಷ್ಟು ಮಂದಿ ಇದ್ದರು. ಮನೆ ಬಾಗಿಲಲ್ಲಿ ಕ್ಯಾನಿನ ಮುಚ್ಚಳ ತೆಗೆದು, ಯಾರೂ ಕೇಳದಿದ್ದರೂ ತಾವಾಗಿಯೇ ಹಾಲಿನ ಗಟ್ಟಿತನ ಅಳೆಯುವ ಗಾಜಿನ ಕಡ್ಡಿ, ಲ್ಯಾಕ್ಟೋಮೀಟರನ್ನು, ಹಾಲಿಗೆ ಇಳಿಬಿಟ್ಟು, "ನೋಡ್ಕಳಿ ಅಮ್ಮಾ, ಆಮೇಲೆ ಅಳೀತೀನಿ" ಅನ್ನುತ್ತಿದ್ದವರು ಮಾತ್ರ ಇವರೊಬ್ಬರೇ.

ಅದಕ್ಕೊಂದು ಕಾರಣವಿತ್ತು. ಹೊಸದಾಗಿ ಮನೆಮನೆಗೆ ಹಾಲು ಹಾಕುವ ವರ್ತನೆ ಹಿಡಿದಿದ್ದ ದಿನಗಳಲ್ಲಿ, ನಾಲ್ಕನೇ ಬ್ಲಾಕಿನ ಒಬ್ಬ ಮನೆಯಾಕೆ ಅಕ್ಕಪಕ್ಕದವರೆಲ್ಲ ಕೇಳುವ ಹಾಗೆ, "ಏನೇ, ಹಾಲಿಗೆ ನೀರು ಬೆರೆಸಿದ್ದೀಯೋ ನೀರಿಗೆ ಹಾಲು ಬೆರೆಸಿದ್ದೀಯೋ?" ಅಂದುಬಿಟ್ಟಿದ್ದಳು. ನಾರಾಯಣಮ್ಮ ಕ್ಯಾನು ಮುಚ್ಚಿಕೊಂಡು ಹೊರಟರು. ಮನೆಗೆ ಬಂದು ಗಂಡ ರಾಮಯ್ಯನವರನ್ನು ಎಬ್ಬಿಸಿ ಕಳಿಸಿ, ಡೈರಿಯವರು ಇಟ್ಟುಕೊಳ್ಳುವಂಥದ್ದೇ ಗಾಜಿನ ಕಡ್ಡಿ ತರಿಸಿಕೊಂಡರು. ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟವರಾದರೂ ಅಂಕಿ ಬರುತ್ತಿತ್ತು. ಇಪ್ಪತ್ತೆಂಟರ ಗೆರೆಗೋ ಅದಕ್ಕೂ ಮೇಲಿನ ಲೆಕ್ಕಕ್ಕೋ ಕಡ್ಡಿ ತೇಲಿದರೆ ಗಟ್ಟಿ ಹಾಲು. ಅದಕ್ಕಿಂತ ಮುಳುಗಿತೋ, ನೀರು ಬಿದ್ದಿದೆ ಅಂತಲೇ ಅರ್ಥ. ಹಸುಗಳು ಇರುವವರೆಗೂ ಅವರ ಹಾಲಿನಲ್ಲಿ ಆ ಕಡ್ಡಿ ಒಂದು ದಿನವೂ ಮುಳುಗಲಿಲ್ಲ. ಕ್ಯಾನು ತೊಳೆದ ನೀರನ್ನು ಪೂರಾ ಸುರಿದು, ಬೋರಲು ಹಾಕಿ, ಒಣಗಿದ ಮೇಲೇ ಹಾಲು ಕರೆಯುತ್ತಿದ್ದರು. ತೊಟ್ಟು ನೀರಿದ್ದರೂ ಮನಸ್ಸು ಒಪ್ಪುತ್ತಿರಲಿಲ್ಲ.

ಈಗ ಕೊಟ್ಟಿಗೆಯ ಜಾಗದಲ್ಲಿ ಮೂರಂತಸ್ತಿನ ಬಾಡಿಗೆ ಮನೆ ಎದ್ದಿದೆ. ಕೆಳಗೆ ಇವರಿಬ್ಬರು, ಮಗ ರಘು ಮತ್ತು ಸೊಸೆ ಸೌಮ್ಯ. ಮೇಲೆ ಬಾಡಿಗೆಯವರು. ಊಟಕ್ಕೆ ತಿಂಡಿಗೆ ಕೊರತೆಯಿಲ್ಲ. ಆದರೂ ಬೆಳಗಿನ ಜಾವ ಎದ್ದು ಕೂತರೆ ಕೈ ಸುಮ್ಮನಿರುವುದಿಲ್ಲ. ಯಾವುದಾದರೂ ಜೀವವನ್ನು ನೋಡಿಕೊಳ್ಳಬೇಕು, ತಟ್ಟಬೇಕು, ಮೇವು ಹಾಕಬೇಕು.

ಮಧ್ಯದ ಮನೆಗೆ ದಾವಣಗೆರೆ ಕಡೆಯ ಗಂಡ ಹೆಂಡತಿ ಬಂದಿದ್ದರು, ಕೈಲಾಸ್ ಮತ್ತು ಮೇಘಶ್ರೀ. ಅವನಿಗೆ ಔಷಧಿ ಕಂಪನಿಯ ಕೆಲಸ, ತಿಂಗಳಲ್ಲಿ ಮುಕ್ಕಾಲು ಭಾಗ ಊರೂರು ಸುತ್ತಾಟ. ಬಂದ ವರ್ಷವೇ ಮೇಘಶ್ರೀಗೆ ಐದು ತಿಂಗಳ ಬಸುರು ಹೋಯಿತು. ಹುಡುಗಿ ಗೋಡೆ ನೋಡುತ್ತ ಕೂತುಬಿಟ್ಟಳು. ನಾರಾಯಣಮ್ಮ ಮಜ್ಜಿಗೆ ಹುಳಿ, ಬಸ್ಸಾರು ಅಂತ ಏನಾದರೂ ಹಿಡಿದುಕೊಂಡು ಮೆಟ್ಟಿಲು ಹತ್ತಿ, ಎದುರಿಗೆ ಕೂತು ತಿನ್ನಿಸಿ ಬರುತ್ತಿದ್ದರು. ಅಂಥ ದಿನಗಳಲ್ಲೇ ಕೈಲಾಸ್ ಎಲ್ಲಿಂದಲೋ ಒಂದು ಗಾಜಿನ ತೊಟ್ಟಿ, ಅದರೊಳಗೆ ಉಪ್ಪುನೀರಿನ ಎರಡು ಮೀನು ತಂದ. ಕಿತ್ತಳೆ ಬಣ್ಣದ ಮೈ, ಅದಕ್ಕೆ ಸುಣ್ಣ ಬಳಿದ ಹಾಗೆ ಬಿಳಿ ಪಟ್ಟೆ. ಮೇಘಶ್ರೀ ಗೋಡೆ ಬಿಟ್ಟು ತೊಟ್ಟಿ ನೋಡತೊಡಗಿದಳು. ಆಮೇಲೆ ನಗತೊಡಗಿದಳು.

"ದೊಡ್ಡದು ಗುಂಡಮ್ಮ, ಚಿಕ್ಕದು ಪುಟ್ಟಣ್ಣ," ಅಂದಳು ಒಂದು ದಿನ. "ಇವುಗಳಲ್ಲಿ ಹೆಂಡತೀನೇ ದೊಡ್ಡದಂತೆ ಅಜ್ಜಿ. ಗಂಡ ಅವಳ ಹಿಂದೆ ಹಿಂದೆ ತಿರುಗೋದಂತೆ."

ಮೆಟ್ಟಿಲ ಕೆಳಗಿನಿಂದ ರಾಮಯ್ಯ ಕೂಗಿದರು, "ಅದ್ನ ನೋಡಕ್ಕೆ ಮೀನ್ಯಾಕಮ್ಮಾ, ನಮ್ಮನೇಗೇ ಬಾ!"

"ನೀವ್ ಸುಮ್ನಿರಿ," ಅಂದರು ನಾರಾಯಣಮ್ಮ. ಮೇಘಶ್ರೀಯ ಕಡೆ ತಿರುಗಿ, "ಅಲ್ಲ ಕಣಮ್ಮ, ನಾವ್ ನೋಡಿದ್ರೆ ಮೀನು ತಿನ್ನೋ ಜನ. ನೀವು ಮೊಟ್ಟೆ ಮುಟ್ಟಿದ್ರೂ ಸ್ನಾನ ಮಾಡೋ ಜನ. ಮೀನು ಬಂದು ಸೇರ್ಕೊಂಡಿದ್ದು ನಿಮ್ಮನೇನ!"

"ಅದಕ್ಕೇ ನೋಡಿ ಇಲ್ಲಿಗೆ ಬಂದಿರೋದು, ಜೀವ ಉಳಿಸ್ಕೊಳ್ಳೋಕೆ," ಅಂದಳು ಮೇಘಶ್ರೀ. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಮತ್ತೆ ಬಸುರಿಯಾದಳು. ಏಳನೇ ತಿಂಗಳಲ್ಲಿ ತೌರಿನವರು ಸೀಮಂತ ಮಾಡಿ ಕರೆದುಕೊಂಡು ಹೋಗಲು ಬಂದರು. ತೊಟ್ಟಿಯನ್ನು ಯಾರು ನೋಡಿಕೊಳ್ಳುವುದು? ಕೈಲಾಸ್ ಊರಲ್ಲಿ ಇರುವುದಿಲ್ಲ. ನಾರಾಯಣಮ್ಮ, "ಕೆಳಗಿಳಿಸಿ, ನಮ್ಮ ನಡುಮನೇಲಿ ಇರ್ಲಿ" ಅಂದರು. ಕೈಲಾಸ್ ಮತ್ತು ರಘು ಸೇರಿ ಇಳಿಸಿದರು. ಮೇಘಶ್ರೀ ಉಪ್ಪಿನ ಡಬ್ಬಿಯನ್ನು ಕೈಗೆ ಕೊಡಲು ಬಂದಾಗ ನಾರಾಯಣಮ್ಮ ಕೈ ಹಿಂದಕ್ಕೆಳೆದುಕೊಂಡು, "ಕೈಯಿಂದ ಕೈಗೆ ಉಪ್ಪು ಕೊಡ್ಬಾರ್ದು ಕಣಮ್ಮ, ಜಗಳ ಆಯ್ತದೆ, ಕೆಳಗಿಡು" ಅಂದರು. ಅವಳು ಕೆಳಗಿಟ್ಟಳು, ಇವರು ಎತ್ತಿಕೊಂಡರು.

"ನೋಡಿ ಅಜ್ಜಿ," ಅಂತ ಅವಳು ಸಾವಧಾನವಾಗಿ ಹೇಳಿಕೊಟ್ಟಳು, "ವಾರಕ್ಕೊಂದ್ಸಲ ಒಂದು ಬಕೆಟ್ ಹಳೇ ನೀರು ತೆಗೆದು, ಈ ಉಪ್ಪು ಕದಡಿದ ಹೊಸ ನೀರು ಹಾಕ್ಬೇಕು. ಇನ್ನು ದಿನಾ ನೀರು ಆರುತ್ತೆ. ಆರೋದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತೆ. ಅದಕ್ಕೇ ನೀರು ಈ ಗೆರೆಯಿಂದ ಕೆಳಗಿಳಿದ್ರೆ ಬರೀ ಕುಡಿಯೋ ಕ್ಯಾನ್ ನೀರು ಹಾಕಿ. ನೀರಲ್ಲಿ ಉಪ್ಪು ಎಷ್ಟಿದೆ ಅಂತ ಈ ಅಳತೆ ಡಬ್ಬೀಲಿ ನೋಡ್ಕೊಳ್ಳಿ. ಮುಳ್ಳು ಹಸಿರು ಬಣ್ಣದ ಒಳಗಿದ್ರೆ ಸಾಕು."

ಅದೊಂದು ಚಪ್ಪಟೆ ಪ್ಲಾಸ್ಟಿಕ್ ಡಬ್ಬಿ. ನೀರು ತುಂಬಿದರೆ ಒಳಗಿನ ಮುಳ್ಳು ತೇಲಿ ಒಂದು ಕಡೆ ನಿಲ್ಲುತ್ತದೆ.

ಕಾರು ಹತ್ತುವ ಮೊದಲು ಮೇಘಶ್ರೀ ಅವರ ಕೈ ಹಿಡಿದುಕೊಂಡಳು. "ಅಜ್ಜಿ, ಹುಚ್ಚು ಅನ್ಕೋಬೇಡಿ. ಇವೆರಡು ಚೆನ್ನಾಗಿದ್ರೆ ಈ ಸಲ ಎಲ್ಲ ಚೆನ್ನಾಗಾಗುತ್ತೆ ಅಂತ ನಂಗೊಂದು ನಂಬಿಕೆ."

ನಾರಾಯಣಮ್ಮ ಅವಳ ತಲೆ ಸವರಿ ಕಳಿಸಿದರು. ಒಳಗೆ ಬಂದು ತೊಟ್ಟಿಯ ಮುಂದೆ ಕೂತರು. ಮೀನು ಸಾಕುವುದು ಬೇರೆ. ಹುಡುಗಿ ಅದರ ಜೊತೆ ಹೊಟ್ಟೆಯ ಕೂಸನ್ನೂ ಕಟ್ಟಿಟ್ಟು ಹೋಗಿದ್ದಾಳೆ. ಹೆರಿಗೆಗೆ ಮುಂಚೆ ಇವುಗಳಿಗೇನಾದರೂ ಆದರೆ ಅವಳ ಧೈರ್ಯವೇ ಕುಸಿದುಹೋಗುತ್ತದೆ.

ಮೊದಲ ವಾರ ಎಲ್ಲ ಸರಿಯಾಗಿತ್ತು. ಆಮೇಲೆ ಆ ಪ್ಲಾಸ್ಟಿಕ್ ಡಬ್ಬಿ ಆಟ ಆಡಿಸತೊಡಗಿತು. ಬೆಳಗ್ಗೆ ತುಂಬಿದರೆ ಹಸಿರಿನಲ್ಲಿ ನಿಲ್ಲುತ್ತಿತ್ತು, ಅದೇ ನೀರನ್ನು ಚೆಲ್ಲಿ ಮತ್ತೆ ತುಂಬಿದರೆ ಮೇಲಕ್ಕೆ ಜಿಗಿಯುತ್ತಿತ್ತು, ಮೂರನೆಯ ಸಲ ಅಲ್ಲಾಡದೆ ಕಚ್ಚಿಕೊಳ್ಳುತ್ತಿತ್ತು.

"ಇದು ಬಾಯಿಗೆ ಬಂದಂಗೆ ಹೇಳ್ತದೆ," ಅಂದರು ನಾರಾಯಣಮ್ಮ. "ಒಂದೇ ನೀರಿಗೆ ಮೂರ್ ಮಾತಾ?"

"ನಿಮ್ಮಕ್ಕನಂಗೆ," ಅಂದರು ರಾಮಯ್ಯ ಪೇಪರಿನ ಹಿಂದಿನಿಂದ.

ನಾರಾಯಣಮ್ಮ ಒಳಗೆ ಹೋಗಿ, ಹಳೆಯ ಟ್ರಂಕಿನಲ್ಲಿ ಸೀರೆಗಳ ನಡುವೆ ಸುತ್ತಿಟ್ಟಿದ್ದ ಗಾಜಿನ ಕಡ್ಡಿಯನ್ನು ತಂದರು. ಉದ್ದನೆಯ ಲೋಟಕ್ಕೆ ತೊಟ್ಟಿಯ ನೀರು ತುಂಬಿ ಇಳಿಬಿಟ್ಟರು. ಕಡ್ಡಿ ಒಂದು ಕುಣಿತ ಕುಣಿದು, ನೆಟ್ಟಗೆ ನಿಂತಿತು. ಇಪ್ಪತ್ತೈದು. ತೆಗೆದು ಮತ್ತೆ ಬಿಟ್ಟರು. ಇಪ್ಪತ್ತೈದೇ. ಅಲುಗಾಟವಿಲ್ಲ, ಅನುಮಾನವಿಲ್ಲ.

ಅವರ ಮುಖ ಕಪ್ಪಿಟ್ಟಿತು. ಇಪ್ಪತ್ತೈದೆಂದರೆ ಏನು? ನೀರು ಬೆರೆಸಿದ ಹಾಲು! ಜಯನಗರದ ಆ ಮನೆಯಾಕೆಯ ದನಿ ಎಷ್ಟು ವರ್ಷದ ಮೇಲೆ ಮತ್ತೆ ಕಿವಿಗೆ ಬಡಿಯಿತು. ಬೆರೆಸಿದ್ದು ಯಾರು? ತಾವೇ. ದಿನಾ ಬೆಳಗ್ಗೆ ಕ್ಯಾನಿನ ಸಪ್ಪೆ ನೀರು ಸುರಿದದ್ದು ಇದೇ ಕೈ. ಹುಡುಗಿ ಏನೋ ತಪ್ಪು ತಿಳಿದು ಹೇಳಿದ್ದಾಳೆ ಅಂದುಕೊಂಡರು. ಅವತ್ತಿನಿಂದ ಆರಿದ ನೀರಿಗೆ ಬದಲಾಗಿ ಕ್ಯಾನ್ ನೀರಿಗೆ ಉಪ್ಪು ಕದಡಿ ಹಾಕತೊಡಗಿದರು. ಕಡ್ಡಿ ನಿಧಾನವಾಗಿ ಮೇಲೇಳತೊಡಗಿತು. ಇಪ್ಪತ್ತಾರು, ಇಪ್ಪತ್ತೇಳು. ಮೂರು ವಾರ ಕಳೆಯುವಷ್ಟರಲ್ಲಿ ಮೂವತ್ತು ಮುಟ್ಟಿತು. ನಾರಾಯಣಮ್ಮನಿಗೆ ಗಟ್ಟಿ ಹಾಲು ಕೊಟ್ಟಷ್ಟು ಸಮಾಧಾನ.

ಮೀನುಗಳಿಗೆ ಆ ಸಮಾಧಾನ ಇರಲಿಲ್ಲ. ಮೊದಲು ಗುಂಡಮ್ಮ ಮೂಲೆ ಸೇರಿದಳು. ಕಿವಿರು ಬಡಬಡ ಬಡಿದುಕೊಳ್ಳುತ್ತಿತ್ತು. ಪುಟ್ಟಣ್ಣ ಅವಳ ಪಕ್ಕದಲ್ಲಿ ವಾಲಿಕೊಂಡು ನಿಂತ. ಹಾಕಿದ ಆಹಾರ ಹಾಗೇ ತಳಕ್ಕಿಳಿಯಿತು. ಅದೇ ಹೊತ್ತಿಗೆ ದಾವಣಗೆರೆಯಿಂದ ವಿಡಿಯೋ ಕಾಲ್ ಬಂತು.

"ಅಜ್ಜಿ, ಗುಂಡಮ್ಮನ್ನ ತೋರಿಸಿ!"

ನಾರಾಯಣಮ್ಮ ಫೋನನ್ನು ತೊಟ್ಟಿಯ ಕಡೆಗೆ ತಿರುಗಿಸಿದ ಹಾಗೆ ಮಾಡಿ ಸೂರಿನ ಕಡೆಗೆ ತಿರುಗಿಸಿದರು. "ಕಾಣ್ತದಾ?"

"ಫ್ಯಾನ್ ಕಾಣ್ತಿದೆ ಅಜ್ಜಿ."

"ಈ ಫೋನು ನಂಗೆ ಬರಾಕಿಲ್ಲ ಕಣಮ್ಮ. ಚೆನ್ನಾಗವೆ, ಚೆನ್ನಾಗವೆ. ನೀನು ಸರಿಯಾಗಿ ಉಣ್ತಾ ಇದೀಯಾ?"

ಫೋನಿಟ್ಟು ತೊಟ್ಟಿಯ ಮುಂದೆ ಬಂದು ಕೂತರು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ರಾಮಯ್ಯ ಈ ಸಲ ತಮಾಷೆ ಮಾಡಲಿಲ್ಲ. "ಸಾಕೋ ಮೀನಿನ ಅಂಗಡಿಯವರನ್ನೇ ಕೇಳೋದಲ್ವೇನೇ? ಜಯನಗರದಲ್ಲಿ ಐತಲ್ಲ, ಕೈಲಾಸ ಉಪ್ಪು ತರ್ತಾನಲ್ಲ, ಅಲ್ಲಿ," ಅಂದರು.

ಹತ್ತೂವರೆ ಬಸ್ಸಿಗೆ ನಾರಾಯಣಮ್ಮ ಹೊರಟರು. ತೊಟ್ಟಿಯ ನೀರನ್ನು ತಮ್ಮ ಹಳೆಯ ಒಂದು ಲೀಟರಿನ ಹಾಲಿನ ಕ್ಯಾನಿಗೆ ತುಂಬಿಕೊಂಡಿದ್ದರು. ಗಾಜಿನ ಕಡ್ಡಿ ಸೆರಗಿನಲ್ಲಿತ್ತು. ನಾಲ್ಕನೇ ಬ್ಲಾಕಿನಲ್ಲಿ ಇಳಿದು ಅಡ್ಡರಸ್ತೆಯ ಅಂಗಡಿ ಹುಡುಕಿ, ಹೊಸ್ತಿಲ ಮೇಲೆ ನಿಂತರು. ಗಲ್ಲಾದ ಪಕ್ಕದ ತೊಟ್ಟಿಯಲ್ಲಿ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಬಲೆ ಹಿಡಿದು ಯಾವುದೋ ಮೀನನ್ನು ಹುಡುಕುತ್ತಿದ್ದಳು. ಅಂಗಡಿಯ ಒಡತಿ, ಇಂದ್ರಾಣಿ. ಕ್ಯಾನು ಕಂಡವಳೇ, "ಹಾಲು ಬೇಡಮ್ಮಾ, ನಮಗೆ ಪ್ಯಾಕೆಟ್ ಬರುತ್ತೆ" ಅಂದಳು.

"ಹಾಲಲ್ಲಮ್ಮ, ಸಮುದ್ರ ತಂದಿದೀನಿ," ಅಂದರು ನಾರಾಯಣಮ್ಮ.

ಇಂದ್ರಾಣಿ ಬಲೆ ಕೆಳಗಿಟ್ಟಳು. ನಡೆದದ್ದನ್ನೆಲ್ಲ ಕೇಳಿದಳು. ಒಂದು ಪುಟ್ಟ ದುರ್ಬೀನಿನಂಥ ಕೊಳವೆ ತೆಗೆದು, ಅದರ ಮೂತಿಯ ಗಾಜಿಗೆ ಎರಡು ಹನಿ ನೀರು ಬಿಟ್ಟು, ಮುಚ್ಚಿ, ಬೆಳಕಿಗೆ ಹಿಡಿದು ಕಣ್ಣಿಟ್ಟಳು. "ಅಯ್ಯೋ ಅಮ್ಮಾ! ಮೂವತ್ತೈದಿರಬೇಕು, ಇದು ನಲವತ್ತಾಗಿದೆ. ಮೀನು ಸಾಕ್ತಿದ್ದೀರೋ, ಉಪ್ಪಿನಕಾಯಿ ಹಾಕ್ತಿದ್ದೀರೋ?"

"ಇಲ್ಲ ಕಣವ್ವ, ಇದರಲ್ಲಿ ನೋಡ್ಕಂಡೇ ಹಾಕ್ದೆ," ಅಂತ ಸೆರಗಿನಿಂದ ಕಡ್ಡಿ ತೆಗೆದರು.

ಇಂದ್ರಾಣಿ ಅದನ್ನು ತಿರುಗಿಸಿ ನೋಡಿ, ತನ್ನ ಅಂಗಡಿಯ ಉಪ್ಪುನೀರಿನ ತೊಟ್ಟಿಯಲ್ಲಿ ಬಿಟ್ಟಳು. ಇಪ್ಪತ್ತೈದಕ್ಕೆ ನಿಂತಿತು. ಅವಳು ಹುಬ್ಬೇರಿಸಿದಳು. "ಇದು ಸರಿಯಾಗೇ ಇದೆಯಲ್ಲಮ್ಮ! ನನ್ನ ಕೊಳವೆಯ ಮೂವತ್ತೈದು ಅಂದ್ರೆ ಈ ಕಡ್ಡೀಲಿ ಇಪ್ಪತ್ತೈದು, ಸಮುದ್ರದ ನೀರು ಅಷ್ಟೇ. ನೀವು ಎಷ್ಟಿರ್ಬೇಕು ಅನ್ಕೊಂಡ್ರಿ?"

"ಇಪ್ಪತ್ತೆಂಟು. ಇಲ್ದಿದ್ರೆ ನೀರು ಬೆರೆಸ್ದಂಗಲ್ವಾ?"

"ಅದು ಹಾಲಿಗಮ್ಮಾ! ಸಮುದ್ರ ಹಾಲಿಗಿಂತ ತೆಳ್ಳಗೆ."

ನಾರಾಯಣಮ್ಮ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತರು. ಕಡ್ಡಿಯನ್ನು ಸೆರಗಿನಿಂದ ಒರೆಸಿದರು. ಆಮೇಲೆ ತಮ್ಮಷ್ಟಕ್ಕೇ ಅಂದರು, "ಕಡ್ಡಿ ಸುಳ್ಳು ಹೇಳ್ಲಿಲ್ಲ. ನಾನು ಹಾಲು ಕೇಳ್ದೆ, ಅದು ಹಾಲಿನ ಲೆಕ್ಕ ಹೇಳ್ತು. ಮೀನಿಗೇನು ಬೇಕು ಅಂತ ನಾನೆಲ್ಲಿ ಕೇಳ್ದೆ?"

ಇಂದ್ರಾಣಿ ಒಂದು ಲೋಟ ಟೀ ತರಿಸಿಕೊಟ್ಟಳು. "ಇಂಥ ತಪ್ಪು ಎಲ್ರೂ ಮಾಡ್ತಾರೆ, ಕೊರಗ್ಬೇಡಿ. ಈಗ ಒಂದು ಒಳ್ಳೇದನ್ನ ಆರಿಸ್ಕೊಳ್ಳಿ," ಅಂತ ಗಲ್ಲಾದ ಮೇಲೆ ಸಾಮಾನು ಹರಡಿದಳು. ಪ್ಲಾಸ್ಟಿಕ್ ಡಬ್ಬಿ ಮನೆಯಲ್ಲಿದ್ದಂಥದ್ದೇ. ಮುಳ್ಳಿಗೆ ಗಾಳಿಗುಳ್ಳೆ ಅಂಟಿದರೂ, ಉಪ್ಪು ಕಟ್ಟಿದರೂ ತಪ್ಪು ತೋರಿಸುತ್ತದೆ, ದಿನಾ ತೊಳೆಯಬೇಕು ಅಂದಳು. ಆಮೇಲೆ ಬ್ಯಾಟರಿಯ ಪೆನ್ನು. ನೀರಿಗೆ ಅದ್ದಿದರೆ ಅಂಕಿ ತಾನೇ ಬರುತ್ತದೆ, ಆದರೆ ಆಗಾಗ ಅದರದೇ ಅಳತೆ ನೀರಿನಲ್ಲಿ ಸರಿ ಮಾಡಬೇಕು, ಮೂತಿ ಕೊಳೆಯಾದರೆ ಕೆಡುತ್ತದೆ.

"ನಂಬರ್ ತಾನೇ ಬರ್ತದಲ್ಲ, ಅದ್ನೇ ತಗಳ್ಳಿ ಅಂತೀಯಾ?" ಕೇಳಿದರು ನಾರಾಯಣಮ್ಮ.

"ನಿಮಗೆ ಯಾವ್ದರ ಮೇಲೆ ನಂಬಿಕೆ ಬರುತ್ತೆ ಅದನ್ನ ತಗೊಳ್ಳಿ ಅಂತೀನಿ. ನಂಬಿಕೆ ಇಲ್ದಿದ್ರೆ ಮತ್ತೆ ಆ ಹಾಲಿನ ಕಡ್ಡೀನೇ ತೆಗೀತೀರ."

ನಾರಾಯಣಮ್ಮ ಪೆನ್ನನ್ನು ಅದ್ದಿ ನೋಡಿದರು. ಅಂಕಿ ಬಂತು, ಆದರೆ ಯಾಕೆ ಬಂತು ಅಂತ ಕಾಣಲಿಲ್ಲ. ಹಾಲಿನಲ್ಲಿ ಕಡ್ಡಿ ತೇಲುವುದು ಕಣ್ಣಿಗೆ ಕಾಣುತ್ತಿತ್ತು. ಇದು ಒಳಗೊಳಗೇ ಏನೋ ಮಾಡಿಕೊಂಡು ಹೇಳಿಬಿಡುತ್ತದೆ. ಕೆಳಗಿಟ್ಟರು. ದುರ್ಬೀನನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿದರು. ಬರೀ ಮಂಜು.

"ಏನೂ ಕಾಣಾಕಿಲ್ವಲ್ಲ."

"ಕಣ್ಣಿನ ಪೊರೆ ಆಪರೇಷನ್ ಆಗಿದೆಯಾ?"

"ಎಡಗಣ್ಣಿಗೆ ಆಗೈತೆ."

"ಹಾಗಾದ್ರೆ ಎಡಗಣ್ಣಲ್ಲಿ ನೋಡಿ. ಈ ಬಳೆ ಇದೆಯಲ್ಲ, ಇದನ್ನ ಮೆಲ್ಲಗೆ ತಿರುಗಿಸಿ."

ಎಡಗಣ್ಣಿಗಿಟ್ಟು ತಿರುಗಿಸಿದರು. ಮಂಜು ಸರಿಯಿತು. ಮೇಲೆ ನೀಲಿ, ಕೆಳಗೆ ಬಿಳಿ, ನಡುವೆ ನೂಲು ಹಿಡಿದ ಹಾಗೆ ಒಂದು ಗೆರೆ, ಪಕ್ಕದಲ್ಲಿ ಅಂಕಿಗಳ ಏಣಿ. ನಾರಾಯಣಮ್ಮ ಉಸಿರು ಬಿಗಿಹಿಡಿದು ನೋಡಿದರು. ಬಾವಿಗೆ ಬಗ್ಗಿದಾಗ ನೀರು ಎಲ್ಲಿದೆ ಅಂತ ಕಾಣುವ ಹಾಗೆ ಉಪ್ಪು ಎಲ್ಲಿದೆ ಅಂತ ಕಾಣುತ್ತಿತ್ತು.

"ಇದೇ ಕೊಡವ್ವ," ಅಂದರು. "ಇದು ತೋರಿಸ್ತದೆ. ಬರೀ ಹೇಳಾದಿಲ್ಲ."

ಇಂದ್ರಾಣಿ ಅದಕ್ಕೂ ಒಂದು ಪುಟ್ಟ ಬಾಟಲಿ ಅಳತೆ ನೀರು ಕೊಟ್ಟಳು. "ವಾರಕ್ಕೊಂದ್ಸಲ ಇದರ ಹನಿ ಹಾಕಿ ನೋಡಿ. ಮೂವತ್ತೈದಕ್ಕೆ ಬರದಿದ್ರೆ ಈ ತಿರುಪು ತಿರುಗಿಸಿ ಅಲ್ಲಿಗೆ ತನ್ನಿ. ಇನ್ನು ಮನೆಗೆ ಹೋಗಿ ಒಂದೇ ಸಲಕ್ಕೆ ಇಳಿಸ್ಬೇಡಿ, ಮೀನು ತಡ್ಕೊಳ್ಳಲ್ಲ. ಬೆಳಗ್ಗೆ ಎರಡು ಚೊಂಬು, ಸಂಜೆ ಎರಡು ಚೊಂಬು ತೊಟ್ಟಿ ನೀರು ತೆಗೆದು ಅಷ್ಟೇ ಸಪ್ಪೆ ನೀರು ಬೆರೆಸ್ತಾ ಹೋಗಿ. ಮೂವತ್ತೈದು ಬಂದ ತಕ್ಷಣ ನಿಲ್ಸಿ."

ಬೆರೆಸಿ. ಆ ಮಾತು ಬಸ್ಸಿನಲ್ಲೆಲ್ಲ ಅವರ ಜೊತೆ ಕೂತು ಬಂತು.

ಮನೆಗೆ ಬಂದು ತೊಟ್ಟಿಯ ನೀರು ತೆಗೆದಾಯಿತು. ಕ್ಯಾನ್ ನೀರಿನ ಚೊಂಬು ಕೈಯಲ್ಲಿದೆ. ಬಗ್ಗಿಸಲು ಕೈ ಬರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಹಾಲಿಗೆ ಒಂದು ಹನಿ ನೀರು ಬೆರೆಸದೆ ಕಾಪಾಡಿಕೊಂಡು ಬಂದ ಕೈ ಅದು. ಜನ ಅಂದದ್ದಕ್ಕೆ, ದೇವರೊಬ್ಬನೇ ನೋಡುತ್ತಿದ್ದಾಗ ಕೂಡ, ಕ್ಯಾನು ಬೋರಲು ಹಾಕಿದ ಕೈ. ತಪ್ಪು ಎಲ್ಲಿ ನಡೆಯಿತು ಅಂತ ತಲೆಗೆ ಗೊತ್ತು, ಮಣಿಕಟ್ಟಿಗೆ ಗೊತ್ತಿಲ್ಲ.

ರಾಮಯ್ಯ ಪೇಪರು ಮಡಿಸಿಟ್ಟು ಬಂದು ಪಕ್ಕದಲ್ಲಿ ನಿಂತರು. "ಕೊಡು, ನಾನ್ ಹಾಕ್ತೀನಿ."

"ಬ್ಯಾಡ. ಉಪ್ಪು ಹಾಕಿದ್ದು ನಾನು."

ಮೂಲೆಯಲ್ಲಿ ಗುಂಡಮ್ಮನ ಕಿವಿರು ಬಡಿದುಕೊಳ್ಳುತ್ತಲೇ ಇತ್ತು. ನಾರಾಯಣಮ್ಮ ಅದನ್ನೇ ನೋಡಿದರು. ದಾವಣಗೆರೆಯಲ್ಲಿ ಎಡಮಗ್ಗುಲಿಗೆ ಮಲಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿರುವ ಹುಡುಗಿ ಕಣ್ಣಿಗೆ ಬಂದಳು. ಚೊಂಬು ಬಾಗಿತು. ನೀರು ಸದ್ದಿಲ್ಲದೆ ಜಾರಿ ಉಪ್ಪುನೀರಿನೊಳಗೆ ಸೇರಿತು. ನಾರಾಯಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಬೆರೆಸಿಬಿಟ್ಯಲ್ಲೇ!" ಅಂದರು ರಾಮಯ್ಯ ಮೆಲ್ಲಗೆ. "ಜಯನಗರದೋರ್ಗೆ ಹೇಳ್ಳಾ?"

"ಹೇಳ್ಕಳಿ ಹೋಗಿ," ಅಂದರು, ಅಳುತ್ತಲೇ ನಗುತ್ತ.

ಬೆಳಗ್ಗೆ ಎರಡು ಚೊಂಬು, ಸಂಜೆ ಎರಡು ಚೊಂಬು. ಪ್ರತಿಸಲ ಬಾಗಿಲ ಬೆಳಕಿಗೆ ನಿಂತು ಎಡಗಣ್ಣಿಟ್ಟು ನೋಡುವುದು. ಗೆರೆ ಅವಸರ ಮಾಡಲಿಲ್ಲ, ಅವರೂ ಮಾಡಲಿಲ್ಲ. ಕಾಯುವುದು ಅವರಿಗೆ ಹೊಸದೇನಲ್ಲ. ಕರು ಹಾಕಲು ಒದ್ದಾಡುವ ಹಸುವಿನ ಪಕ್ಕ ಎಷ್ಟು ಸಲ ಕೂತಿಲ್ಲ? ಸೌಮ್ಯ ತೊಟ್ಟಿಯ ಹತ್ತಿರಕ್ಕೇ ಊಟದ ತಟ್ಟೆ ತಂದುಕೊಡುತ್ತಿದ್ದಳು. ಗೆರೆ ಮೂವತ್ತೆಂಟಕ್ಕೆ ಇಳಿದ ದಿನ ಪುಟ್ಟಣ್ಣ ನೆಟ್ಟಗಾದ. ಮೂವತ್ತಾರಕ್ಕೆ ಬಂದ ಬೆಳಗ್ಗೆ, ಆಹಾರ ಹಾಕಿ ಕೈ ತೆಗೆಯುವಷ್ಟರಲ್ಲಿ, ಗುಂಡಮ್ಮ ಮೂಲೆಯಿಂದ ಹೊರಟು, ಗಂಡನನ್ನು ಪಕ್ಕಕ್ಕೆ ತಳ್ಳಿ, ಮೊದಲ ತುತ್ತನ್ನು ತಾನೇ ಕಚ್ಚಿಕೊಂಡಳು.

ನಾರಾಯಣಮ್ಮ ಆಗಿಂದಾಗಲೇ ದಾವಣಗೆರೆಗೆ ಫೋನು ಮಾಡಿಸಿದರು. ಸುತ್ತಿ ಬಳಸಲಿಲ್ಲ. "ಮೇಘಾ, ಅವತ್ತು ನಾನು ಬೇಕಂತಲೇ ಫ್ಯಾನು ತೋರಿಸ್ದೆ ಕಣಮ್ಮ. ಉಪ್ಪು ಜಾಸ್ತಿ ಮಾಡಿ ಇವನ್ನ ಮೂಲೆಗೆ ಕೂರಿಸಿಬಿಟ್ಟಿದ್ದೆ. ಈಗ ಸರಿ ಮಾಡಿದೀನಿ. ನೋಡು, ಉಣ್ತಾ ಅವೆ." ಈ ಸಲ ಫೋನು ನೇರವಾಗಿ ತೊಟ್ಟಿಗೇ ತಿರುಗಿತು.

ಆ ಕಡೆ ಮುಖ ಪರದೆಗೆ ಹತ್ತಿರ ಬಂತು. ಆಮೇಲೆ ಮೇಘಶ್ರೀಯ ದನಿ, "ಅಜ್ಜಿ, ಆವಾಗ್ಲೇ ಹೇಳಿದ್ರೆ ನಾನು ಹೆದರಿ ಸತ್ತೇ ಹೋಗ್ತಿದ್ದೆ. ಈಗ ಗುಂಡಮ್ಮನ ಹೊಟ್ಟೆಬಾಕತನ ನೋಡಿದ್ರೆ ನಂಗೂ ಹಸಿವಾಗ್ತಿದೆ."

ಮುಂದಿನ ತಿಂಗಳು ಹೆಣ್ಣು ಕೂಸು ಹುಟ್ಟಿತು, ತಾಯಿ ಮಗು ಇಬ್ಬರೂ ಗಟ್ಟಿಯಾಗಿದ್ದರು. ಬಾಣಂತನ ಮುಗಿಸಿಕೊಂಡು ಮೇಘಶ್ರೀ ಉತ್ತರಹಳ್ಳಿಗೆ ಬಂದ ದಿನ ಸೌಮ್ಯ ಬಾಗಿಲಲ್ಲೇ ಆರತಿ ಎತ್ತಿದಳು. ಒಳಗೆ ಬಂದವಳೇ ಮೇಘಶ್ರೀ ಮಗುವನ್ನು ಎತ್ತಿಕೊಂಡು ತೊಟ್ಟಿಯ ಮುಂದೆ ನಿಂತಳು. "ಗುಂಡಮ್ಮಾ! ಪುಟ್ಟಣ್ಣಾ! ನೋಡ್ರೋ ಯಾರು ಬಂದಿದಾರೆ!" ಅಂದಳು.

ಮೀನುಗಳೆರಡೂ ಒಂದು ಸುತ್ತು ಹಾಕಿದವು. ಮೇಘಶ್ರೀಯ ಕಡೆ ಬರಲಿಲ್ಲ. ತೊಟ್ಟಿಯ ಇನ್ನೊಂದು ತುದಿಯಲ್ಲಿ ನಾರಾಯಣಮ್ಮ ನಿಂತಿದ್ದ ಮೂಲೆಗೆ ಓಡಿ, ಗಾಜಿಗೆ ಮೂತಿ ಒತ್ತಿ, ಬಾಲ ಅಲ್ಲಾಡಿಸುತ್ತ ನಿಂತವು.

"ನೋಡಿ ಅಜ್ಜಿ, ನನ್ನ ಮರೆತೇಬಿಟ್ಟಿವೆ!"

"ಮರೆತಿಲ್ಲ ಕಣಮ್ಮ, ಊಟದ ಹೊತ್ತು, ಅದಕ್ಕೆ," ಅಂದರು ನಾರಾಯಣಮ್ಮ, ಮುಖದಲ್ಲಿ ಅರಳಿದ್ದನ್ನು ಮುಚ್ಚಿಕೊಳ್ಳಲು ಒದ್ದಾಡುತ್ತ.

ಮೇಘಶ್ರೀ ಅವರ ಮುಖವನ್ನೂ ಮೀನುಗಳನ್ನೂ ನೋಡಿದಳು. "ಮೇಲೆ ತೊಟ್ಟಿಲು ಕಟ್ಟಬೇಕು, ಜಾಗ ಸಾಲಲ್ಲ," ಅಂದಳು. "ತೊಟ್ಟಿ ಇಲ್ಲೇ ಇರ್ಲಿ ಅಜ್ಜಿ. ಇವಳನ್ನ ನೋಡ್ಕೊಳ್ಳೋಕೂ ನೀವು ಮೇಲೆ ಬರ್ತೀರಲ್ಲ, ಇವುಗಳನ್ನ ನೋಡೋಕೆ ನಾವು ಕೆಳಗೆ ಬರ್ತೀವಿ."

ನಾರಾಯಣಮ್ಮ ಕೈ ಒರೆಸಿಕೊಂಡು ಕೂಸನ್ನು ಇಸಿದುಕೊಂಡರು. ಕೂಸು ತೊಟ್ಟಿಯ ಬೆಳಕನ್ನು ಕಣ್ಣರಳಿಸಿ ನೋಡುತ್ತಿತ್ತು. "ಕೊಡ್ರೀ ಆ ಆಹಾರದ ಡಬ್ಬಿ," ಅಂದರು ರಾಮಯ್ಯನವರಿಗೆ. "ಇವಳ ಕೈಲೇ ಮುಟ್ಟಿಸಿ ಹಾಕಾಣ."